ತಡೆದ ಕಳ್ಳತನಕ್ಕೆ ಎಫ್‌ಐಆರ್ ಇರುವುದಿಲ್ಲ

(ತುಮಕೂರಿನಲ್ಲಿ ಸಮಾಜಕಾರ್ಯ ಮತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳು, ಬೀಟ್ ಪೊಲೀಸರು, ಗ್ರಾಮ ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಡೆದ ಕಳ್ಳತನಕ್ಕೆ ಕಾಗದಪತ್ರ ಇರುತ್ತದೆ. ದೂರು, ಮಹಜರು, ಎಫ್‌ಐಆರ್ ನಂಬರು, ಕೊನೆಗೆ ಚಾರ್ಜ್‌ಶೀಟೋ, ಕಳ್ಳ ಪತ್ತೆಯಾಗಲಿಲ್ಲ ಎನ್ನುವ ‘ಸಿ’ ರಿಪೋರ್ಟೋ ಏನಾದರೂ ಒಂದು. ನಡೆಯದೇ ಹೋದ ಕಳ್ಳತನಕ್ಕೆ ಇದ್ಯಾವುದೂ ಇಲ್ಲ. ನಮ್ಮ ಬಡಾವಣೆಯಲ್ಲಿ ಈ ವರ್ಷ ಒಂದೂ ಮನೆಗಳ್ಳತನ ಆಗಲಿಲ್ಲ ಎಂದುಕೊಳ್ಳಿ. ಅದಕ್ಕೆ ಕಾರಣ ರಾತ್ರಿ ಬೀಟೋ, ಹೊಸ ಬೀದಿ ದೀಪವೋ, ಕ್ಯಾಮೆರಾವೋ, ಇಲ್ಲ ಕಳ್ಳರ ತಂಡ ಬೇರೆ ಯಾವುದೋ ಕೇಸಿನಲ್ಲಿ ಒಳಗೆ ಹೋಗಿದ್ದೋ? ಒಬ್ಬೊಬ್ಬರೂ ತಮ್ಮ ಕೆಲಸದಿಂದಲೇ ಆಯಿತು ಎನ್ನುತ್ತಾರೆ. ಆ ಮಾತನ್ನು ಒಪ್ಪಲಿಕ್ಕೂ ನಮ್ಮ ಹತ್ತಿರ ಪುರಾವೆ ಇಲ್ಲ, ತಳ್ಳಿಹಾಕಲಿಕ್ಕೂ ಇಲ್ಲ.

ಅಪರಾಧ ತಡೆಯ ಬಗ್ಗೆ ಮುಂದೆ ಯಾವ ಸಂಶೋಧನೆ ಮೊದಲು ಆಗಬೇಕು ಎಂದು ನನ್ನನ್ನು ಮಾತಾಡಲು ಕೇಳಿದ್ದೀರಿ. ನಾನು ಕಲಿಸುವುದು ಸಮಾಜಶಾಸ್ತ್ರ, ಹಾಗಾಗಿ ಜನರ ಕಡೆಯಿಂದ ಹೊರಟು ಮಾತಾಡುತ್ತೇನೆ. ದೊಡ್ಡ ದೊಡ್ಡ ವಿಷಯಗಳ ಪಟ್ಟಿ ಕೊಡುವುದಿಲ್ಲ. ನನ್ನ ಪಟ್ಟು ಒಂದೇ: ಜನ ಅನುಭವಿಸಿದ್ದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ತಡೆಯುವ ಉಪಾಯವನ್ನು ಹೋಲಿಸಿ ನೋಡಿ, ಅದಾದ ಮೇಲೆ ಊರಿಗೆಲ್ಲ ಹಬ್ಬಿಸಿ. ನಾವು ಮಾಡುತ್ತಿರುವುದು ಹೆಚ್ಚುಕಡಿಮೆ ತಿರುಗುಮುರುಗು. ಮೊದಲು ಉದ್ಘಾಟನೆ, ಆಮೇಲೆ ವರದಿ, ಲೆಕ್ಕ ಎಂದಾದರೂ ಒಂದು ದಿನ.

ಹೋಲಿಕೆ ಯಾಕೆ ಬೇಕು ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಹೇಳುತ್ತೇನೆ. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ ಪೊಲೀಸರೇ ಮುಂದೆ ಬಂದು ಒಂದು ಪರೀಕ್ಷೆಗೆ ಒಪ್ಪಿಕೊಂಡರು. ಹದಿನೈದು ಬೀಟ್‌ಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಐದೈದರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಗಸ್ತು ವಾಹನ ಸುಮ್ಮನೆ ಸುತ್ತುವುದನ್ನು ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋಗುವ ವ್ಯವಸ್ಥೆ. ಇನ್ನೊಂದರಲ್ಲಿ ಎಂದಿನಂತೆ. ಮೂರನೆಯದರಲ್ಲಿ ಎರಡು ಮೂರು ಪಟ್ಟು ಗಸ್ತು. ವರ್ಷ ಕಳೆದ ಮೇಲೆ ನೋಡಿದರೆ ಮೂರೂ ಕಡೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜನರ ಭಯವೂ ಹೆಚ್ಚಿರಲಿಲ್ಲ, ತಗ್ಗಿರಲಿಲ್ಲ. ಗಸ್ತು ಹೆಚ್ಚಿಸಿದರೆ ಕಳ್ಳತನ ತಾನಾಗಿ ಇಳಿಯುತ್ತದೆ ಎಂದು ಆವತ್ತಿನವರೆಗೆ ಎಲ್ಲರೂ ನಂಬಿದ್ದರು, ಆ ನಂಬಿಕೆ ಅಲ್ಲಿ ಅಲುಗಾಡಿತು.

ಇಲ್ಲಿ ಕೂತಿರುವ ಪೊಲೀಸ್ ಸಿಬ್ಬಂದಿ ಬೇಸರ ಮಾಡಿಕೊಳ್ಳಬಾರದು. ಪೊಲೀಸರು ಬೇಡ ಎಂದು ಆ ಪರೀಕ್ಷೆ ಹೇಳಲಿಲ್ಲ. ಎಲ್ಲಿ ನಿಲ್ಲುತ್ತೀರಿ, ಯಾವಾಗ ನಿಲ್ಲುತ್ತೀರಿ ಅನ್ನುವುದು ಎಷ್ಟು ಕಿಲೋಮೀಟರ್ ಸುತ್ತಿದಿರಿ ಅನ್ನುವುದಕ್ಕಿಂತ ಮುಖ್ಯ ಎಂದು ಮುಂದಿನ ಕೆಲಸಗಳು ತೋರಿಸಿಕೊಟ್ಟವು. ಮಿನ್ನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ವಿಳಾಸದ ಪ್ರಕಾರ ವಿಂಗಡಿಸಿ 1989ರಲ್ಲಿ ಪ್ರಕಟಿಸಿದರು. ಊರಿನ ವಿಳಾಸಗಳಲ್ಲಿ ಶೇಕಡಾ ಮೂರರಷ್ಟು ಜಾಗಗಳಿಂದಲೇ ಸುಮಾರು ಅರ್ಧದಷ್ಟು ಕರೆಗಳು ಬಂದಿದ್ದವು. ಆ ಶೇಕಡಾ ಮೂರು ಯಾವುದು ಎಂದು ಗೊತ್ತಾದರೆ ಬೀಟ್ ಪುಸ್ತಕಕ್ಕೆ ಸಹಿ ಹಾಕುವ ಜಾಗವೇ ಬದಲಾಗುತ್ತದೆ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಕೆಡುಕು ಮಾಡಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿರುವ ಬಹಳ ಮಂದಿ ಮುಂದೆ ಎನ್‌ಜಿಒಗಳಲ್ಲಿ, ಮಕ್ಕಳ ರಕ್ಷಣಾ ಘಟಕಗಳಲ್ಲಿ ಕೆಲಸಕ್ಕೆ ಹೋಗುವವರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರು. 1939ರಲ್ಲಿ ಅಲ್ಲಿನ ಐನೂರಕ್ಕೂ ಹೆಚ್ಚು ಹುಡುಗರನ್ನು ಆರಿಸಿ, ವಯಸ್ಸು, ಮನೆತನ, ಸ್ವಭಾವ ಹೊಂದುವಂತೆ ಜೋಡಿ ಮಾಡಿದರು. ಪ್ರತಿ ಜೋಡಿಯಲ್ಲೂ ನಾಣ್ಯ ಚಿಮ್ಮಿ ಒಬ್ಬನಿಗೆ ಸಹಾಯ ಕೊಟ್ಟರು, ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸಹಾಯ ಎಂದರೆ ಮನೆಗೆ ಬಂದು ಹೋಗುವ ಸಲಹೆಗಾರ, ಪಾಠ, ವೈದ್ಯರ ತಪಾಸಣೆ, ಬೇಸಿಗೆ ಶಿಬಿರ. ವರ್ಷಗಟ್ಟಲೆ ನಡೆಯಿತು. ಮೂವತ್ತು ವರ್ಷ ದಾಟಿದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ತೆಗೆದರು. ಸಹಾಯ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ‘ನಮಗೆ ತುಂಬಾ ಉಪಕಾರವಾಯಿತು’ ಎಂದರು. ಆದರೆ ದಾಖಲೆ ಬೇರೆಯೇ ಹೇಳುತ್ತಿತ್ತು. ಕುಡಿತದ ಚಟ, ಮಾನಸಿಕ ಕಾಯಿಲೆ, ಒಂದು ಅಪರಾಧದ ಮೇಲೆ ಇನ್ನೊಂದು, ಬೇಗ ಸಾಯುವುದು, ಇವೆಲ್ಲ ಸಹಾಯ ಪಡೆದ ಗುಂಪಿನಲ್ಲೇ ಜಾಸ್ತಿ ಇದ್ದವು. ಮೆಕಾರ್ಡ್ ಇದನ್ನು 1978ರಲ್ಲಿ ಪ್ರಕಟಿಸಿದರು.

ಆ ಎರಡನೇ ಗುಂಪು ಇಲ್ಲದೇ ಇದ್ದಿದ್ದರೆ ಏನಾಗುತ್ತಿತ್ತು, ಯೋಚನೆ ಮಾಡಿ. ಮೂರರಲ್ಲಿ ಎರಡು ಪಾಲು ಜನರ ಮೆಚ್ಚುಗೆಯನ್ನೇ ಮುಂದಿಟ್ಟುಕೊಂಡು ಯೋಜನೆ ಇಡೀ ದೇಶಕ್ಕೆ ಹಬ್ಬುತ್ತಿತ್ತು. ನಮ್ಮಲ್ಲಿ ಜಾಗೃತಿ ಶಿಬಿರ ಮುಗಿದ ಮೇಲೆ ಫೀಡ್‌ಬ್ಯಾಕ್ ಫಾರಂ ಕೊಡುತ್ತೇವಲ್ಲ, ‘ಅತ್ಯುತ್ತಮ’ ಎಂಬಲ್ಲಿ ಟಿಕ್ ಬೀಳುತ್ತದಲ್ಲ, ಅದು ಈ ಮೆಚ್ಚುಗೆಯ ಜಾತಿಗೇ ಸೇರಿದ್ದು. ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೂ ಒಂದಿದೆ. ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿ ಹಾದಿ ತಪ್ಪಿದ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಗದರಿಸಿ ಹೆದರಿಸುವ ಕಾರ್ಯಕ್ರಮ ಶುರುವಾಯಿತು. ಟೀವಿಯಲ್ಲಿ ಬಂದು ಮನೆಮಾತಾಯಿತು. ಆಮೇಲೆ ಲಾಟರಿ ಎತ್ತಿ ಹೋಲಿಸಿ ಮಾಡಿದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಹೆಚ್ಚು ತಪ್ಪು ಮಾಡಿದ್ದರು. ‘ಒಂದು ದಿನ ಟೇಷನ್ನಿನಲ್ಲಿ ಕೂರಿಸಿ ಕಳಿಸಿ ಸಾರ್, ಬುದ್ಧಿ ಬರುತ್ತೆ’ ಎಂದು ನಮ್ಮ ಊರುಗಳಲ್ಲಿ ಅಪ್ಪಂದಿರು ಕೇಳಿಕೊಳ್ಳುತ್ತಾರೆ. ಆ ಅಪ್ಪನ ಸಂಕಟ ನಿಜ. ಉಪಾಯ ಮಾತ್ರ ಪರೀಕ್ಷೆಯಲ್ಲಿ ನಿಂತಿಲ್ಲ.

ಹೋಲಿಸುವುದು ನಮ್ಮಲ್ಲಿ ಸಾಧ್ಯವೇ ಅನ್ನುತ್ತೀರಿ. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು, ಮುನ್ನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ. ಯಾವ ಯೋಜನೆಯೂ ಒಂದೇ ದಿನ ಎಲ್ಲ ಪಂಚಾಯಿತಿಗೂ ಮುಟ್ಟುವುದಿಲ್ಲ, ಹಂತ ಹಂತವಾಗಿಯೇ ಬರುತ್ತದೆ. ಮೊದಲ ಹಂತ ಯಾರಿಗೆ ಅನ್ನುವುದನ್ನು ಶಿಫಾರಸಿನ ಮೇಲೆ ಬಿಡದೆ ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿದರೆ ಸಾಕು, ಮೊದಲು ಪಡೆದವರು ಮತ್ತು ಕಾದವರು ಎಂಬ ಎರಡು ಗುಂಪು ತಾನಾಗಿ ಸಿದ್ಧ. ಯಾರಿಗೂ ಯೋಜನೆ ತಪ್ಪಿಸಿದಂತಾಗಲಿಲ್ಲ. ಚೀಟಿ ಎತ್ತುವುದರ ಮೇಲೆ ನಮ್ಮ ಜನಕ್ಕೆ ನಂಬಿಕೆಯೂ ಇದೆ.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲ ಆದ್ಯತೆ ಇದೇ. ನಮ್ಮ ದೇಶದಲ್ಲಿ ‘ಕ್ರೈಮ್ ಇನ್ ಇಂಡಿಯಾ’ ವರದಿ 1953ರಿಂದ ಬರುತ್ತಿದೆ, ಈಗ ಅದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುತ್ತದೆ. ಬಹಳ ಉಪಯುಕ್ತ ವರದಿ. ಆದರೆ ಅದರಲ್ಲಿ ಇರುವುದು ದಾಖಲಾದ ಅಪರಾಧ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಕಲಂ ಇದ್ದರೂ ಎಣಿಕೆಗೆ ಬರುವುದು ಅವುಗಳಲ್ಲಿ ದೊಡ್ಡದು ಮಾತ್ರ. ಠಾಣೆಯ ಮೆಟ್ಟಿಲು ಹತ್ತದ್ದು ಅದರಲ್ಲಿ ಇಲ್ಲವೇ ಇಲ್ಲ.

ಆ ಹತ್ತದೇ ಉಳಿದದ್ದು ಎಷ್ಟು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಅಂಕಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಣ್ಣುಮಕ್ಕಳನ್ನು ಗಂಡನಿಂದಾದ ಹಿಂಸೆಯ ಬಗ್ಗೆ ಕೇಳುತ್ತಾರೆ. ಕರ್ನಾಟಕದಲ್ಲಿ 2015-16ರ ಸುತ್ತಿನಲ್ಲಿ ಶೇಕಡಾ 20.6ರಷ್ಟು ಮಂದಿ ಹೌದು ಎಂದಿದ್ದರು. ಮುಂದಿನ ಸುತ್ತಿನಲ್ಲಿ ಅದು 44.4. ಲಾಕ್‌ಡೌನ್‌ನಿಂದ ಹಾಗಾಯಿತು ಎಂದು ಕೆಲವರು ಹೇಳುವುದುಂಟು, ಆದರೆ ಕರ್ನಾಟಕದಲ್ಲಿ ಆ ಸುತ್ತಿನ ಸಮೀಕ್ಷೆ ಕೋವಿಡ್ ಕಾಲಿಡುವ ಮುಂಚೆಯೇ ಮುಗಿದಿತ್ತು. ನಾಲ್ಕು ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕ್ರೂರಿಗಳಾದರೇ? ಹೆಣ್ಣುಮಕ್ಕಳಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಬಂತೇ? ಕೇಳಿದವರ ತರಬೇತಿ, ಕೇಳಿದ ರೀತಿ ಬದಲಾಯಿತೇ? ಈ ಮೂರನ್ನು ಬಿಡಿಸಿ ನೋಡುವ ಅಧ್ಯಯನ ಕರ್ನಾಟಕಕ್ಕೆ ತುರ್ತಾಗಿ ಬೇಕು. ಅದಿಲ್ಲದೆ ಮಹಿಳೆಯರ ಸುರಕ್ಷತೆ ಹೆಚ್ಚಿತು ಅಥವಾ ಕಡಿಮೆಯಾಯಿತು ಎಂದು ಮಾತಾಡುವುದಕ್ಕೆ ನಮಗೆ ಆಧಾರವೇ ಇಲ್ಲ.

ದಾಖಲಾದ ಸಂಖ್ಯೆ ಏರಿದರೆ ಗಾಬರಿಯಾಗುವುದು, ಇಳಿದರೆ ಬೆನ್ನು ತಟ್ಟಿಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮಧ್ಯಪ್ರದೇಶದಲ್ಲಿ 180 ಠಾಣೆಗಳನ್ನು ತೆಗೆದುಕೊಂಡು, ಲಾಟರಿ ಮೂಲಕ ಆರಿಸಿದ ಠಾಣೆಗಳಲ್ಲಿ ಮಹಿಳಾ ಸಹಾಯ ಡೆಸ್ಕ್ ಇಟ್ಟು ನೋಡಿದರು. ಅದರ ಫಲಿತಾಂಶ 2022ರಲ್ಲಿ ಬಂತು. ಡೆಸ್ಕ್ ಇದ್ದ ಕಡೆ ದಾಖಲಾದ ಪ್ರಕರಣ ಹೆಚ್ಚಾದವು, ಅದರಲ್ಲೂ ಮಹಿಳಾ ಅಧಿಕಾರಿಗಳು ಡೆಸ್ಕ್ ನೋಡಿಕೊಂಡಲ್ಲಿ ಎಫ್‌ಐಆರ್ ಹೆಚ್ಚಾದವು. ವರ್ಷದ ಕೊನೆಯ ಪಟ್ಟಿಯಲ್ಲಿ ಅಂಥ ಠಾಣೆ ‘ಅಪರಾಧ ಹೆಚ್ಚಿರುವ ಠಾಣೆ’ ಎನಿಸಿಕೊಳ್ಳುತ್ತದೆ. ಕೆಲಸ ಮಾಡಿದ್ದಕ್ಕೆ ಬೈಸಿಕೊಳ್ಳುವ ವ್ಯವಸ್ಥೆ ಇದು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆದರೂ ಎಫ್‌ಐಆರ್ ಹಾಕದೆ ಬರೀ ಹಿಂಬರಹ ಕೊಟ್ಟು ಕಳಿಸುವುದು, ರಾಜಿ ಮಾಡಿ ಕಳಿಸುವುದು ನಿಂತಿಲ್ಲ. ಕಾರಣ ಹುಡುಕುವಾಗ ಸಂಖ್ಯೆಯ ಮೇಲೆ ಠಾಣೆಯನ್ನು ಅಳೆಯುವ ಈ ಪದ್ಧತಿಯನ್ನೂ ನೋಡಬೇಕು.

ರಾಜಸ್ಥಾನದ ಪೊಲೀಸ್ ಇಲಾಖೆ ಈ ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಜೊತೆ ಸೇರಿ 11 ಜಿಲ್ಲೆಗಳ 162 ಠಾಣೆಗಳಲ್ಲಿ ಸುಧಾರಣೆಗಳನ್ನು ಪರೀಕ್ಷಿಸಿತು. ಅಳತೆ ಹೇಗೆ ಮಾಡಿದರು ಎಂಬುದೇ ಸ್ವಾರಸ್ಯ. ಸಾಮಾನ್ಯರಂತೆ ಉಡುಪು ಹಾಕಿಕೊಂಡ ಸಮೀಕ್ಷೆಯವರು ಠಾಣೆಗೆ ಹೋಗಿ, ಮೊಬೈಲ್ ಕಳುವಾಯಿತು ಎಂಬಂಥ ಸಣ್ಣ ದೂರು ಕೊಡಲು ಪ್ರಯತ್ನಿಸುತ್ತಿದ್ದರು. ಬರೆದುಕೊಳ್ಳುತ್ತಾರೋ ಇಲ್ಲವೋ, ಹೇಗೆ ಮಾತಾಡಿಸುತ್ತಾರೆ, ನೋಡಿಕೊಂಡು ಬರುತ್ತಿದ್ದರು. ಸಿಬ್ಬಂದಿಗೆ ಕೊಟ್ಟ ತರಬೇತಿ ಮತ್ತು ಮಾತುಮಾತಿಗೆ ವರ್ಗಾವಣೆ ಮಾಡದೆ ಇದ್ದದ್ದು, ಇವೆರಡರಿಂದ ಜನರ ಸಮಾಧಾನ ಹೆಚ್ಚಿತು. ಊರಿನವರನ್ನು ಠಾಣೆಯಲ್ಲಿ ಕೂರಿಸಿ ಗಮನಿಸುವ ಯೋಜನೆಯಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಎರಡನ್ನೂ ಹೀಗೆ ಒಂದೇ ವರದಿಯಲ್ಲಿ ಬರೆದಿಡುವ ಇಲಾಖೆ ನಮಗೂ ಬೇಕು.

ಬ್ರಿಟನ್ನಿನಲ್ಲಿ 1982ರಿಂದ ಮನೆಮನೆಗೆ ಹೋಗಿ ‘ಕಳೆದ ವರ್ಷ ನಿಮಗೆ ಏನಾದರೂ ಆಯಿತೇ, ದೂರು ಕೊಟ್ಟಿರೇ, ಕೊಡದಿದ್ದರೆ ಯಾಕೆ’ ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ಅಮೆರಿಕದಲ್ಲಿ ಇನ್ನೂ ಹತ್ತು ವರ್ಷ ಮೊದಲೇ ಶುರುವಾಯಿತು. ಇಡೀ ದೇಶಕ್ಕೆ ಆಗುವವರೆಗೆ ನಾವು ಕಾಯಬೇಕಿಲ್ಲ. ಒಂದು ಜಿಲ್ಲೆ, ಪ್ರತಿ ವರ್ಷ, ಅದೇ ಪ್ರಶ್ನೆಗಳು. ನಮ್ಮ ವಿಶ್ವವಿದ್ಯಾಲಯಗಳ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳು ಹೇಗೂ ಕ್ಷೇತ್ರಕಾರ್ಯಕ್ಕೆ ಹೋಗುತ್ತೀರಿ. ಐದು ವರ್ಷ ಬಿಡದೆ ಮಾಡಿದರೆ ಯಾವ ಇಲಾಖೆಯ ಹತ್ತಿರವೂ ಇಲ್ಲದ ಮಾಹಿತಿ ತುಮಕೂರಿನ ಹತ್ತಿರ ಇರುತ್ತದೆ.

ಏನು ಕೇಳುತ್ತೀರಿ ಅಂತ ಇಲ್ಲೇ ಒಂದು ಅಪರಾಧ ತೆಗೆದುಕೊಂಡು ತೋರಿಸುತ್ತೇನೆ. ಬೋರ್‌ವೆಲ್ ಕೇಬಲ್ ಕಳವು. ಗುಬ್ಬಿ, ಸಿರಾ, ಕೊರಟಗೆರೆ, ಮಧುಗಿರಿ ಕಡೆಯವರಿಗೆ ಹೇಳುವುದೇ ಬೇಡ. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನ ಬಾಯಿಯವರೆಗೆ ಬರುವ ಕೇಬಲ್ ಇರುತ್ತದೆ, ಒಳಗೆ ತಾಮ್ರ. ಬೆಳಿಗ್ಗೆ ರೈತ ಮೋಟಾರು ಹಾಕಲು ಹೋದರೆ ಎರಡು ಕಡೆ ಕತ್ತರಿಸಿದ ತುದಿ ಮಾತ್ರ. ಸ್ವಲ್ಪ ದೂರದ ಹಳ್ಳದಲ್ಲೋ ಬೇಲಿ ಸಾಲಿನಲ್ಲೋ ಮೇಲಿನ ರಬ್ಬರು ಸುಟ್ಟ ಕಪ್ಪು ಗುರುತು ಇರುತ್ತದೆ. ತಾಮ್ರ ಗುಜರಿಗೆ ಹೋಗುತ್ತದೆ. ಕಳ್ಳನಿಗೆ ಸಿಗುವುದು ಸಣ್ಣ ಮೊತ್ತ. ರೈತನಿಗೆ ಹೊಸ ಕೇಬಲ್ ಖರ್ಚು, ಮೆಕ್ಯಾನಿಕ್ ಕೂಲಿ, ಅದಕ್ಕಿಂತ ಹೆಚ್ಚಾಗಿ ಬೇಸಿಗೆಯಲ್ಲಿ ನಾಲ್ಕೈದು ದಿನ ನೀರಿಲ್ಲದ ತೋಟ. ಅಡಕೆ ಸಸಿಗೆ ಆ ನಾಲ್ಕು ದಿನ ಬಹಳ. ದೂರು ಕೊಟ್ಟಿರಾ ಎಂದು ಕೇಳಿದರೆ, ‘ಅದಕ್ಕೆಲ್ಲಿ ಓಡಾಡೋದು ಮೇಡಂ, ಹೊಸದು ತಂದು ಹಾಕಿಕೊಂಡ್ವಿ’ ಅನ್ನುವ ಉತ್ತರವೇ ಹೆಚ್ಚು. ಅಲ್ಲಿಗೆ ಆ ಕಳವು ರಾಜ್ಯದ ಲೆಕ್ಕದಿಂದ ಮಾಯವಾಯಿತು.

ಸಂಶೋಧನೆ ಇಲ್ಲಿಂದ ಶುರುವಾಗಬೇಕು. ಪಂಪ್‌ಸೆಟ್‌ಗೆ ಸರ್ಕಾರ ಹೇಳುವುದು ದಿನಕ್ಕೆ ಏಳು ಗಂಟೆ ತ್ರೀಫೇಸ್. ಲೈನಿನಲ್ಲಿ ಕರೆಂಟ್ ಇರುವಾಗ ಕೇಬಲ್‌ಗೆ ಕತ್ತರಿ ಹಾಕುವುದು ಪ್ರಾಣಕ್ಕೆ ಸಂಚಕಾರ. ಹಾಗಾದರೆ ಯಾವ ಫೀಡರ್‌ನಲ್ಲಿ (ಊರಿಗೆ ಕರೆಂಟ್ ತರುವ ಲೈನು) ಯಾವ ಪಾಳಿ ಇದೆ, ಕಳವಾದ ರಾತ್ರಿ ಎಷ್ಟು ಹೊತ್ತಿಗೆ ಕರೆಂಟ್ ಹೋಯಿತು, ಇವೆರಡನ್ನು ವಿದ್ಯುತ್ ಕಂಪನಿ ಬೆಸ್ಕಾಂನ ದಾಖಲೆಯಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯಿಂದ ಬೋರು ಎಷ್ಟು ದೂರ? ತೋಟದ ಮನೆಯಲ್ಲಿ ಯಾರಾದರೂ ಮಲಗುತ್ತಾರೋ? ಕೇಬಲ್ ಪೈಪಿನೊಳಗೆ ಹೂತಿದೆಯೋ, ಮೇಲೆ ಹಾಗೇ ಬಿದ್ದಿದೆಯೋ? ಮಳೆ ಬಂದು ಮೋಟಾರು ನಿಲ್ಲಿಸಿದ ತಿಂಗಳಲ್ಲಿ ಹೆಚ್ಚೋ, ಬೇಸಿಗೆಯಲ್ಲೋ? ಒಮ್ಮೆ ಕಳೆದುಕೊಂಡವರೇ ಮತ್ತೆ ಕಳೆದುಕೊಂಡರೋ?

ಈ ಕೊನೆಯ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. ಇಂಗ್ಲೆಂಡಿನ ರಾಚ್‌ಡೇಲ್ ಹತ್ತಿರ ಕಿರ್ಕ್‌ಹೋಲ್ಟ್ ಎಂಬ ಬಡವರ ಬಡಾವಣೆಯಲ್ಲಿ 1980ರ ದಶಕದಲ್ಲಿ ಮನೆಗಳ್ಳತನ ವಿಪರೀತವಾಗಿತ್ತು. ಕೆನ್ ಪೀಸ್ ಮೊದಲಾದ ಸಂಶೋಧಕರು ನೋಡಿದಾಗ, ಒಮ್ಮೆ ಕಳವಾದ ಮನೆಗೇ ಕಳ್ಳರು ಮತ್ತೆ ಬರುತ್ತಿದ್ದರು. ಎಲ್ಲರನ್ನೂ ಕಾಯುವುದು ಬಿಟ್ಟು ಕಳವಾದ ಮನೆಯನ್ನು ಗಟ್ಟಿ ಮಾಡಿದರು: ಬೀಗ ಬದಲಿಸಿದರು, ಸುತ್ತಲಿನ ಐದಾರು ಮನೆಯವರಿಗೆ ಕಣ್ಣಿಡಲು ಹೇಳಿದರು. ಅಲ್ಲಿ ಇನ್ನೊಂದು ಕಾರಣವೂ ಸಿಕ್ಕಿತು. ಬಹಳ ಮನೆಗಳಲ್ಲಿ ನಾಣ್ಯ ಹಾಕಿ ಗ್ಯಾಸ್, ಕರೆಂಟ್ ಪಡೆಯುವ ಮೀಟರ್ ಇತ್ತು, ಕಳ್ಳರಿಗೆ ಅದು ಕೈಗೆ ಸಿಗುವ ಹುಂಡಿ. ಆ ಮೀಟರುಗಳನ್ನು ತೆಗೆಸಿದರು. ಮೂರ್ನಾಲ್ಕು ವರ್ಷದಲ್ಲಿ ಕಳ್ಳತನ ಕಾಲು ಭಾಗಕ್ಕೆ ಇಳಿಯಿತು. ಪೊಲೀಸ್ ಬಲ ಹೆಚ್ಚಿಸಿ ಆದದ್ದಲ್ಲ ಅದು, ಯಾವ ಮನೆ ಮತ್ತು ಯಾಕೆ ಎಂದು ವಿಚಾರಿಸಿದ್ದರಿಂದ ಆದದ್ದು. ನಮ್ಮ ಕೇಬಲ್ ಕಳವಿನಲ್ಲಿ ಆ ಗ್ಯಾಸ್ ಮೀಟರಿನ ಜಾಗದಲ್ಲಿ ಇರುವುದು ಗುಜರಿ ಅಂಗಡಿಯ ಲೆಕ್ಕವಿಲ್ಲದ ಖರೀದಿ ಎಂದು ನನ್ನ ಊಹೆ. ಊಹೆ ಎಂದೇ ಹೇಳುತ್ತೇನೆ, ಪರೀಕ್ಷಿಸಬೇಕಾದವರು ನೀವು. ಸುಟ್ಟ ತಾಮ್ರ ತಂದವನ ಗುರುತಿನ ಚೀಟಿ ಬರೆದುಕೊಳ್ಳುವ ಪದ್ಧತಿಯನ್ನು ಚೀಟಿ ಎತ್ತಿ ಆರಿಸಿದ ಐದು ತಾಲ್ಲೂಕುಗಳಲ್ಲಿ ಮೊದಲು ತನ್ನಿ, ಉಳಿದ ಐದರಲ್ಲಿ ಆಮೇಲೆ ತನ್ನಿ. ಗೊತ್ತಾಗುತ್ತದೆ.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು: ‘ಅಲ್ಲಮ್ಮ, ನಮ್ಮೂರಲ್ಲಿ ಕಾವಲು ಬಿಗಿ ಮಾಡಿದ್ರೆ ಕಳ್ಳ ಪಕ್ಕದೂರಿಗೆ ಹೋಗ್ತಾನೆ, ಅಷ್ಟೇ ತಾನೆ?’ ಬಹಳ ಸರಿಯಾದ ಪ್ರಶ್ನೆ, ಪ್ರಪಂಚದ ಎಲ್ಲ ಕಡೆ ಈ ಪ್ರಶ್ನೆ ಬಂದಿದೆ. ಇಂಥ ನೂರಕ್ಕೂ ಹೆಚ್ಚು, ಸರಿಯಾಗಿ ಹೇಳಬೇಕೆಂದರೆ 102 ಪ್ರಯೋಗಗಳನ್ನು ಗೆರೆಟ್ ಮತ್ತು ಬೋವರ್ಸ್ ಎಂಬಿಬ್ಬರು 2009ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ನೋಡಿದ ಸಂದರ್ಭಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಮಾತ್ರ ಅಪರಾಧ ಪಕ್ಕಕ್ಕೆ ಸರಿದಿತ್ತು. ಹೆಚ್ಚುಕಡಿಮೆ ಅಷ್ಟೇ ಸಂದರ್ಭಗಳಲ್ಲಿ ಪಕ್ಕದ ಜಾಗಕ್ಕೂ ಲಾಭವೇ ಆಗಿತ್ತು, ಅಂದರೆ ಕಾವಲಿಲ್ಲದ ಕಡೆಯೂ ಅಪರಾಧ ಇಳಿದಿತ್ತು. ಪಶ್ಚಿಮ ಜರ್ಮನಿಯಲ್ಲಿ 1980ರಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಹಾಕಲು ಶುರುಮಾಡಿದರು. ಉದ್ದೇಶ ತಲೆ ಉಳಿಸುವುದು. ಆದರೆ ಮೋಟಾರ್ ಸೈಕಲ್ ಕಳವು ಆ ವರ್ಷ ಸುಮಾರು ಒಂದೂವರೆ ಲಕ್ಷ ಇದ್ದದ್ದು 1986ರ ಹೊತ್ತಿಗೆ ಮೂರನೇ ಒಂದರಷ್ಟಕ್ಕೆ ಇಳಿಯಿತು. ಕಂಡಕೂಡಲೇ ಗಾಡಿ ಎತ್ತುವವನ ಹತ್ತಿರ ಹೆಲ್ಮೆಟ್ ಇರುವುದಿಲ್ಲ, ಹೆಲ್ಮೆಟ್ ಇಲ್ಲದೆ ಓಡಿಸಿದರೆ ಸಿಕ್ಕಿಬೀಳುತ್ತಾನೆ. ಅವರೆಲ್ಲ ಕಾರು ಕದಿಯಲು ಹೋದರೇ ಎಂದು ನೋಡಿದರೆ, ಕಾರು ಕಳವು ಆ ಪ್ರಮಾಣದಲ್ಲಿ ಏರಲಿಲ್ಲ. ಹಾಗಂತ ನಿಮ್ಮ ಅನುಮಾನವನ್ನು ನಾನು ಪಕ್ಕಕ್ಕಿಡುವುದಿಲ್ಲ. ಪ್ರತಿ ಅಧ್ಯಯನದಲ್ಲೂ ಪಕ್ಕದೂರನ್ನು ಸೇರಿಸಿಯೇ ಅಳೆಯಬೇಕು.

ಹೆಲ್ಮೆಟ್ ಮಾತು ಬಂತು, ಹಾಗಾಗಿ ಹೆದ್ದಾರಿಯ ಮಾತನ್ನೂ ಹೇಳಿ ಮುಂದಕ್ಕೆ ಹೋಗುತ್ತೇನೆ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ರಾಜಸ್ಥಾನದಲ್ಲೇ ಕುಡಿದು ಓಡಿಸುವವರ ತಪಾಸಣೆಯನ್ನು ಎರಡು ರೀತಿ ಮಾಡಿ ನೋಡಿದ್ದಾರೆ. ಒಂದೇ ಆಯಕಟ್ಟಿನ ಜಾಗದಲ್ಲಿ ನಿಂತು ತಪಾಸಣೆ ಮಾಡಿದ ಕಡೆ ಪರಿಣಾಮ ಆಗಲಿಲ್ಲ. ಜಾಗ ಬದಲಿಸುತ್ತಾ ಹೋದ ಕಡೆ ರಾತ್ರಿ ಅಪಘಾತ ಶೇಕಡಾ 17ರಷ್ಟು, ಸಾವು ಶೇಕಡಾ 25ರಷ್ಟು ಕಡಿಮೆಯಾದವು. ಅದಕ್ಕೆ ಖರ್ಚು ಹೆಚ್ಚೇನೂ ಇಲ್ಲ, ಡ್ಯೂಟಿ ಚಾರ್ಟ್ ಬದಲಿಸುವುದು ಅಷ್ಟೇ.

ಆನ್‌ಲೈನ್ ವಂಚನೆಗೆ ಬರೋಣ. ಇದರಲ್ಲಿ ಸಂಶೋಧನೆ ಅಪರಾಧಕ್ಕಿಂತ ಬಹಳ ಹಿಂದೆ ಉಳಿದಿದೆ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂದು ಎಲ್ಲ ಕಡೆ ಹೇಳುತ್ತೇವೆ, ಹೇಳಲೇಬೇಕು, ಮೊದಲ ಗಂಟೆಯಲ್ಲಿ ಹೇಳಿದರೆ ಹಣ ಖಾತೆಯಲ್ಲೇ ತಡೆಯುವ ಅವಕಾಶ ಹೆಚ್ಚು. ಆದರೆ ಕರೆ ಮಾಡುವವರೆಗೆ ಜನ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ? ಮಕ್ಕಳಿಗೆ ಹೇಳಲು ನಾಚಿಕೊಂಡು ರಾತ್ರಿಯೆಲ್ಲ ಎದ್ದು ಕೂತ ನಿವೃತ್ತ ಮೇಷ್ಟ್ರುಗಳು ನಮ್ಮ ನಡುವೆ ಇದ್ದಾರೆ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿದವನ ಜೊತೆ ವಿಡಿಯೋ ಕಾಲ್ ಕಟ್ ಮಾಡದೇ ಬ್ಯಾಂಕಿಗೆ ನಡೆದು ಹೋದವರಿದ್ದಾರೆ. ಬ್ಯಾಂಕ್ ಕೌಂಟರಿನಲ್ಲಿ ಕೂತವರು ಆಗ ಯಾವ ಮಾತು ಕೇಳಿದರೆ ಆ ಮನುಷ್ಯ ಎಚ್ಚರಗೊಳ್ಳುತ್ತಾನೆ? ದೊಡ್ಡ ಮೊತ್ತ ಹೊಸ ಖಾತೆಗೆ ಹೋಗುವಾಗ ಕೆಲವು ಗಂಟೆ ತಡ ಮಾಡಿದರೆ ಎಷ್ಟು ಉಳಿಯುತ್ತದೆ, ನಿಜವಾಗಿ ಆಸ್ಪತ್ರೆಗೆ ಕಟ್ಟುವವನಿಗೆ ಎಷ್ಟು ತೊಂದರೆಯಾಗುತ್ತದೆ? ಬ್ಯಾಂಕುಗಳು ತಮ್ಮ ಶಾಖೆಗಳಲ್ಲಿ ಸುಲಭವಾಗಿ ಪರೀಕ್ಷಿಸಬಹುದಾದ ಪ್ರಶ್ನೆಗಳಿವು.

ವಿದ್ಯಾರ್ಥಿಗಳಿಗೆ ಒಂದು ಮಾತು. ವಂಚನೆಯ ಹಣ ಮೊದಲು ಹೋಗಿ ಬೀಳುವುದು ಯಾರದ್ದೋ ಮಾಮೂಲಿ ಉಳಿತಾಯ ಖಾತೆಗೆ. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗಿಷ್ಟು ಕೊಡ್ತೀನಿ’ ಎಂದು ಕಾಲೇಜು ಹುಡುಗರನ್ನು ಕೇಳುತ್ತಾರೆ. ಕೊಟ್ಟವನು ಯಾರನ್ನೂ ಮೋಸ ಮಾಡಿದೆ ಎಂದುಕೊಂಡಿರುವುದಿಲ್ಲ, ಆದರೆ ಬೇರೆ ರಾಜ್ಯದ ಪೊಲೀಸರು ಮೊದಲು ಬಂದು ನಿಲ್ಲುವುದು ಅವನ ಬಾಗಿಲಿಗೆ. ಆ ಹುಡುಗ ಯಾಕೆ ಒಪ್ಪಿದ, ಯಾರು ಕೇಳಿದರು, ಯಾವ ಮಾತು ಕೇಳಿದ್ದರೆ ಒಪ್ಪುತ್ತಿರಲಿಲ್ಲ ಎಂಬುದನ್ನು ಅವನ ವಯಸ್ಸಿನವರೇ ಚೆನ್ನಾಗಿ ಕೇಳಿ ತಿಳಿಯಬಲ್ಲರು. ಇನ್ನು ಆ ಕಡೆ ತುದಿಯಲ್ಲಿ ಫೋನ್ ಹಿಡಿದಿರುವವರಲ್ಲಿ ಕೆಲವರು ಕೆಲಸದ ಆಸೆಗೆ ಕಾಂಬೋಡಿಯಾ, ಮ್ಯಾನ್ಮಾರ್ ಕಡೆ ಹೋಗಿ ಸಿಕ್ಕಿಬಿದ್ದ ನಮ್ಮ ದೇಶದ ಹುಡುಗರೇ. ವಂಚಕ ಯಾರು, ವಂಚನೆಗೆ ಒಳಗಾದವನು ಯಾರು ಎಂಬ ಗೆರೆ ಇಲ್ಲಿ ಮಸುಕಾಗುತ್ತದೆ, ತಡೆಯುವ ಉಪಾಯ ಆ ಗೆರೆಯ ಎರಡೂ ಕಡೆ ಬೇಕು.

ಚಿಕ್ಕ ಮಕ್ಕಳ ಮೇಲೆ ಹಾಕಿದ ದುಡ್ಡು ಅಪರಾಧ ತಡೆಗೆ ಸೇರುತ್ತದೆ ಎಂದರೆ ಹಣಕಾಸು ಇಲಾಖೆಗೆ ಅರ್ಥವಾಗುವುದು ಕಷ್ಟ. ಅಮೆರಿಕದ ಮಿಚಿಗನ್‌ನಲ್ಲಿ 1962ರಿಂದ 123 ಬಡ ಕಪ್ಪು ಮಕ್ಕಳಲ್ಲಿ ಒಂದು ಭಾಗಕ್ಕೆ ಒಳ್ಳೆಯ ಶಿಶುವಿಹಾರ ಕೊಟ್ಟರು, ವಾರಕ್ಕೊಮ್ಮೆ ಟೀಚರ್ ಮನೆಗೂ ಹೋಗುತ್ತಿದ್ದರು. ಆ ಮಕ್ಕಳಿಗೆ ನಲವತ್ತು ವರ್ಷವಾದಾಗ ನೋಡಿದರೆ, ಐದು ಸಲ ಅಥವಾ ಹೆಚ್ಚು ಬಂಧನಕ್ಕೊಳಗಾದವರು ಶಿಶುವಿಹಾರಕ್ಕೆ ಹೋದವರಲ್ಲಿ ಶೇಕಡಾ 36, ಹೋಗದವರಲ್ಲಿ ಶೇಕಡಾ 55. ನಮ್ಮ ಅಂಗನವಾಡಿ ವ್ಯವಸ್ಥೆ 1975ರಲ್ಲಿ ಶುರುವಾದದ್ದು. ತೂಕ, ಎತ್ತರ, ಮೊಟ್ಟೆ, ಲಸಿಕೆ ಎಲ್ಲವನ್ನೂ ಬರೆದಿಡುತ್ತೇವೆ. ಆ ಮಗು ಇಪ್ಪತ್ತರ ಹರೆಯಕ್ಕೆ ಬಂದಾಗ ಹೇಗಿದೆ ಎಂದು ಬೆನ್ನುಹತ್ತಿ ನೋಡುವ ಅಧ್ಯಯನಕ್ಕೆ ಇಂದು ಬೀಜ ಹಾಕಿದರೆ ಫಲ ನೋಡುವವರು ನಿಮ್ಮ ವಿದ್ಯಾರ್ಥಿಗಳು. ಹಾಗಂತ ದೊಡ್ಡವರಾದ ಮೇಲೆ ಏನೂ ಮಾಡಲಾಗದು ಎಂದಲ್ಲ. ಲೈಬೀರಿಯಾದ ಮನ್ರೋವಿಯದಲ್ಲಿ ಕಳವು, ಬಡಿದಾಟದಲ್ಲಿದ್ದ 999 ಯುವಕರಲ್ಲಿ ಕೆಲವರಿಗೆ ಸಿಟ್ಟು, ಆತುರ ಹತೋಟಿಗೆ ತರುವ ಆಪ್ತ ತರಬೇತಿ, ಕೆಲವರಿಗೆ 200 ಡಾಲರ್, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಎರಡೂ ಪಡೆದವರಲ್ಲಿ ಹತ್ತು ವರ್ಷದ ಮೇಲೂ ಅಪರಾಧ ಸುಮಾರು ಅರ್ಧದಷ್ಟು ಕಡಿಮೆ ಇತ್ತು.

ಇಷ್ಟು ಹೇಳಿ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ‘ಮುಂದೆ ಅಪರಾಧಿ ಆಗುವವನು ಯಾರು ಎಂದು ಈಗಲೇ ಗುರುತಿಸೋಣ’ ಎಂಬ ಆಸೆ ಸಂಶೋಧಕರಿಗೂ ಇದೆ, ಸರ್ಕಾರಕ್ಕೂ ಇದೆ, ಈಗ ಕಂಪ್ಯೂಟರ್ ಕಂಪನಿಗಳಿಗೂ ಬಂದಿದೆ. ನಮ್ಮ ನೆಲ ಆ ಆಸೆಯ ಫಲ ಉಂಡಿದೆ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಹುಟ್ಟಿದ ಜಾತಿಯ ಮೇಲೆ ಇಡೀ ಸಮುದಾಯಗಳನ್ನು ಕಳ್ಳರ ಪಟ್ಟಿಗೆ ಸೇರಿಸಿದರು. ಅದು ರದ್ದಾದದ್ದು 1952ರಲ್ಲಿ. ಅಲೆಮಾರಿ ಸಮುದಾಯದ ಹುಡುಗ ಇವತ್ತಿಗೂ ಊರಲ್ಲಿ ಕಳವಾದ ಮಾರನೆಯ ಬೆಳಿಗ್ಗೆ ಗುಡಿಸಲಿನಿಂದ ಹೊರಗೆ ಬರಲು ಹೆದರುತ್ತಾನೆ. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಅಕ್ಟೋಬರ್‌ನಲ್ಲಿ. ಪೊಲೀಸರು ಹೆಚ್ಚು ಹೋಗುವ ಕೇರಿಯಲ್ಲಿ ಹೆಚ್ಚು ಕೇಸು ದಾಖಲಾಗುತ್ತದೆ, ಆ ದಾಖಲೆಯನ್ನೇ ಕಂಪ್ಯೂಟರಿಗೆ ಉಣಿಸಿದರೆ ಮತ್ತೆ ಅದೇ ಕೇರಿಗೆ ಹೋಗಿ ಎನ್ನುತ್ತದೆ. ತಡೆಯುವ ಯಾವ ಯೋಜನೆಯನ್ನು ಅಳೆದರೂ, ಅದರಿಂದ ಯಾರ ಮನೆ ಬಾಗಿಲು ಹೆಚ್ಚು ಸಲ ತಟ್ಟಲಾಯಿತು ಎಂಬುದನ್ನು ಅದೇ ವರದಿಯಲ್ಲಿ ಬರೆಯಬೇಕು.

ನಮ್ಮ ಕಣ್ಣೆದುರೇ ಕೈಬಿಟ್ಟ ವಿಷಯಗಳೂ ಇವೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಮನೆಯೊಳಗಿನ ಹೊಡೆತ ಕಡಿಮೆಯಾಯಿತೇ, ಕುಡಿಯುವವರು ಬೇರೆ ಮದ್ಯಕ್ಕೆ ಹೋಗಿ ಖರ್ಚು ಹೆಚ್ಚಿತೇ? ಆಂಧ್ರದ ಗಡಿ ಪಾವಗಡ, ಮಧುಗಿರಿಗೆ ಅಂಟಿಕೊಂಡಿದೆ. ಗಡಿಯ ಈಚೆ ಆಚೆ ಹೋಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಮಾಹಿತಿ ಎಲ್ಲಿಂದ ತರುವುದು ಎಂದು ಹಿಂದಿನ ಬೆಂಚಿನಿಂದ ಕೇಳಿದಿರಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಅಲ್ಲಿಂದ ಶುರುಮಾಡಿ. ಹೆಸರು, ಫೋನ್ ನಂಬರು ನಿಮ್ಮ ಪುಸ್ತಕಕ್ಕೆ ಇಳಿಯಬಾರದು. ಜಾಗ, ಹೊತ್ತು, ಹೋದ ವಸ್ತು ಸಾಕು. ಅದರ ಪಕ್ಕ ನಿಮ್ಮ ಮನೆಮನೆ ಸಮೀಕ್ಷೆ ಇಡಿ. ಎರಡರ ನಡುವಿನ ಅಂತರವೇ ನಿಮ್ಮ ಮೊದಲ ಅಧ್ಯಾಯ.

ಕೊನೆಯದಾಗಿ ಸಮೀಕ್ಷೆಗೆ ಹೋಗುವ ಹೆಣ್ಣುಮಕ್ಕಳು ಕೇಳಿದ ಪ್ರಶ್ನೆ: ‘ಕೇಬಲ್ ಬಗ್ಗೆ ಕೇಳೋಕೆ ಹೋದಾಗ ಮನೆಯಾಕೆ ಗಂಡ ಹೊಡೆಯುವುದನ್ನು ಹೇಳಿಬಿಟ್ಟರೆ?’ ಹೇಳುತ್ತಾರೆ, ಅದಕ್ಕೆ ತಯಾರಾಗಿಯೇ ಹೋಗಿ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮಾತ್ರ, ಬೇರೆ ಯಾರೂ ಇಲ್ಲದಾಗ ಕೇಳುತ್ತಾರೆ. ಅತ್ತೆಯೋ ಮಗುವೋ ಬಂದು ಕೂತರೆ ಮಾತು ಬದಲಿಸುತ್ತಾರೆ. ನೀವೂ ಹಾಗೇ ಮಾಡಿ. ಬ್ಯಾಗಿನಲ್ಲಿ ಕರಪತ್ರ ಇಟ್ಟುಕೊಂಡು ಕೊಡಬೇಡಿ, ಅದು ಗಂಡನ ಕೈಗೆ ಸಿಗುತ್ತದೆ. ಮಹಿಳಾ ಸಹಾಯವಾಣಿಯ 181 ಎಂಬ ನಂಬರನ್ನು ಬಾಯಿಪಾಠ ಮಾಡಿಸಿ. ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಸಖಿ ಕೇಂದ್ರದಲ್ಲಿ ಯಾರನ್ನು ಕಾಣಬೇಕು, ಆ ದಿನ ಅಲ್ಲಿ ಯಾರು ಇರುತ್ತಾರೆ ಎಂದು ಹೋಗುವ ಮುಂಚೆ ವಿಚಾರಿಸಿಕೊಂಡಿರಿ. ಆ ಏರ್ಪಾಡು ಆಗುವವರೆಗೆ ಈ ಪ್ರಶ್ನೆಯನ್ನು ನಿಮ್ಮ ಹಾಳೆಗೆ ಸೇರಿಸಬೇಡಿ. ಕೇಬಲ್ ಕಳವಿನ ಹಾಳೆಯನ್ನು ಮಾತ್ರ ಈ ಬೇಸಿಗೆಯಲ್ಲೇ ಶುರು ಮಾಡಬಹುದು.